ಡ್ರೈವರ್ ಶಾಫ್ಟ್ ಆರಿಸುವ ಕ್ರಮ: ಮೊದಲು ತೂಕ, ಕೊನೆಗೆ ಅಕ್ಷರ

ಚಿಕ್ಕಮಗಳೂರು ಕಡೆ ಗಾಲ್ಫ್ ಆಡುವವರಲ್ಲಿ ಶಾಫ್ಟ್ (ಚೆಂಡು ಹೊಡೆಯುವ ಕ್ಲಬ್ಬಿನ ಕೋಲು) ಬದಲಾಯಿಸಿ ಕೈ ಸುಟ್ಟುಕೊಂಡವರು ಬಹಳ ಜನ. ಕಥೆ ಹೆಚ್ಚುಕಡಿಮೆ ಒಂದೇ. ಡ್ರೈವರ್, ಅಂದರೆ ಅತಿ ದೂರ ಹೊಡೆಯಲು ಬಳಸುವ ಉದ್ದದ ಕ್ಲಬ್ಬಿನಿಂದ ಹೊಡೆದ ಚೆಂಡು ಬಲಕ್ಕೆ ಹೋಗುತ್ತಿರುತ್ತದೆ. ಜೊತೆಗೆ ಆಡುವವರು "ಎಸ್ ಹಾಕಿಸು ಮಾರಾಯ" ಅನ್ನುತ್ತಾರೆ. ಆನ್‌ಲೈನಿನಲ್ಲಿ ಒಂದು ಎಸ್, ಅಂದರೆ ಸ್ಟಿಫ್ (ಗಟ್ಟಿ) ಶಾಫ್ಟ್ ಬರುತ್ತದೆ. ಎರಡು ವಾರ ಎಲ್ಲ ಸರಿಹೋದ ಹಾಗೆ ಕಾಣುತ್ತದೆ. ಆಮೇಲೆ ಚೆಂಡು ಮತ್ತೆ ಬಲಕ್ಕೇ. ಈ ಸಲ ಮೊದಲಿಗಿಂತ ತಗ್ಗಾಗಿ, ಮೊದಲಿಗಿಂತ ಹತ್ತಿರ.

ಎಡವುವುದು ಕ್ರಮದಲ್ಲಿ. ಶಾಫ್ಟ್ ಮೇಲೆ ಬರೆದಿರುವ ಆರ್, ಎಸ್, ಎಕ್ಸ್ ಅನ್ನುವ, ಫ್ಲೆಕ್ಸ್ (ಗಡಸುತನ) ತೋರಿಸುವ ಅಕ್ಷರದಿಂದ ಎಲ್ಲರೂ ಶುರು ಮಾಡುತ್ತಾರೆ. ಅದು ಕೊನೆಯ ಹತ್ತಿರ ಬರಬೇಕಾದ ವಿಷಯ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಯಾವುದನ್ನೂ ಹಾರಿಸಬೇಡಿ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಎಡಗೈಯವರು ಎಡ–ಬಲ ತಿರುಗಿಸಿ ಓದಿಕೊಳ್ಳಿ.

ಶುರು ಮಾಡುವ ಮೊದಲು: ಕಾಲ ಮತ್ತು ಸಾಮಾನು

ಕಾಫಿ ಕೊಯ್ಲು ಮುಗಿದ ತಕ್ಷಣ ಈ ಕೆಲಸಕ್ಕೆ ಕೈ ಹಾಕಬೇಡಿ. ತಿಂಗಳುಗಟ್ಟಲೆ ಕಣ, ಪಲ್ಪರ್, ಆಳುಗಳ ಲೆಕ್ಕ ಅಂತ ಓಡಾಡಿದ ಮೇಲೆ ಕ್ಲಬ್ ಹಿಡಿದರೆ ಸ್ವಿಂಗ್ ನಿಮ್ಮದಾಗಿ ಇರುವುದಿಲ್ಲ. ಆ ಸ್ವಿಂಗಿಗೆ ಹೊಂದುವ ಶಾಫ್ಟ್ ಒಂದು ತಿಂಗಳಲ್ಲಿ ನಿಮಗೆ ಹೊಂದದೆ ಹೋಗುತ್ತದೆ. ಕನಿಷ್ಠ ಮೂರು ನಾಲ್ಕು ವಾರ ಆಡಿ, ಮೈ ಸಡಿಲವಾದ ಮೇಲೆ ಅಳತೆಗೆ ಇಳಿಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಅಷ್ಟೇ. ಕ್ಲಬ್‌ಫೇಸ್ (ಚೆಂಡಿಗೆ ತಗುಲುವ ಮುಖ) ಒದ್ದೆಯಾದರೆ ಚೆಂಡಿನ ಸ್ಪಿನ್ ಒಂದೊಂದು ಹೊಡೆತಕ್ಕೆ ಒಂದೊಂದು ಥರ ಆಗುತ್ತದೆ. ನೆಲ ನೆನೆದಿದ್ದರೆ ರೋಲ್, ಅಂದರೆ ಬಿದ್ದ ಮೇಲಿನ ಉರುಳು, ಇರುವುದಿಲ್ಲ. ಸಾಲದ್ದಕ್ಕೆ ರಫ್‌ನಲ್ಲಿ (ಅಂಚಿನ ಉದ್ದ ಹುಲ್ಲಿನಲ್ಲಿ) ಚೆಂಡು ಹುಡುಕಲು ಹೋದರೆ ಕಾಲಿಗೆ ಇಂಬಳ ಬೇರೆ. ಒಣ ಹವೆಯ ಬೆಳಗ್ಗೆಯೊಂದನ್ನು ಆರಿಸಿಕೊಳ್ಳಿ.

ಬೇಕಾಗುವ ಸಾಮಾನು ಇಷ್ಟು: ವೈಟ್‌ಬೋರ್ಡ್ ಮಾರ್ಕರ್, ಅಳತೆ ಟೇಪ್, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಸ್ವಲ್ಪ ಲೆಡ್ ಟೇಪ್, ಸ್ಲೋ ಮೋಷನ್ ಇರುವ ಫೋನ್, ನೀವು ನಿಜವಾಗಿ ಆಡುವ ಬ್ರ್ಯಾಂಡಿನ ಹತ್ತು ಹನ್ನೆರಡು ಚೆಂಡು, ಒಂದು ನೋಟ್‌ಬುಕ್. ವೇಗ ತೋರಿಸುವ ಚಿಕ್ಕ ರೇಡಾರ್ ಸಾಧನ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಜೊತೆಗೆ ಒಬ್ಬ ಸ್ನೇಹಿತ ಬೇಕು. ಸಲಹೆ ಕೊಡದ ಸ್ನೇಹಿತನಾದರೆ ಇನ್ನೂ ಒಳ್ಳೆಯದು.

1. ದೋಷ ಶಾಫ್ಟಿನದೇ ಅಂತ ಖಚಿತ ಮಾಡಿಕೊಳ್ಳಿ

ಚೆಂಡು ಬಲಕ್ಕೆ ತಿರುಗುವುದಕ್ಕೆ ಮುಖ್ಯ ಕಾರಣ, ಕ್ಲಬ್ ಸಾಗುವ ದಾರಿಗೆ ಹೋಲಿಸಿದರೆ ಫೇಸ್ ಬಲಕ್ಕೆ ತೆರೆದುಕೊಂಡಿರುವುದು. ಕೈ ಹಿಡಿತ, ಚೆಂಡು ಇಟ್ಟ ಜಾಗ, ಭುಜದ ದಿಕ್ಕು ಇವೇ ಅಲ್ಲಿ ಹೆಚ್ಚು ಕೆಲಸ ಮಾಡುತ್ತವೆ. ಶಾಫ್ಟ್ ಅದನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು. ಮೂವತ್ತು ಯಾರ್ಡ್ ಸ್ಲೈಸನ್ನು (ಬಲಕ್ಕೆ ಬಾಗುವ ಹೊಡೆತವನ್ನು) ನೇರ ಮಾಡುವ ಶಾಫ್ಟ್ ಯಾರೂ ತಯಾರಿಸಿಲ್ಲ.

ಎರಡನೆಯದು, ಚೆಂಡು ಫೇಸಿನ ಎಲ್ಲಿ ತಗುಲುತ್ತಿದೆ ಅನ್ನುವುದು. ಚೆಂಡಿನ ಹಿಂಬದಿಯಲ್ಲಿ ಮಾರ್ಕರ್‌ನಿಂದ ಒಂದು ದಪ್ಪ ಚುಕ್ಕೆ ಇಟ್ಟು, ಚುಕ್ಕೆ ಫೇಸಿನ ಕಡೆಗಿರುವ ಹಾಗೆ ಟೀ ಮೇಲಿಡಿ. ಹೊಡೆದ ಮೇಲೆ ಚುಕ್ಕೆ ಫೇಸಿಗೆ ಅಂಟಿರುತ್ತದೆ. ಪ್ರತಿ ಸಲ ಫೋಟೊ ತೆಗೆದು ಒರೆಸಿ. ಎಂಟು ಹತ್ತು ಹೊಡೆತದಲ್ಲಿ ನಿಮ್ಮ ಗುಟ್ಟು ಹೊರಬೀಳುತ್ತದೆ. ಹೀಲ್ (ಶಾಫ್ಟ್ ಹತ್ತಿರದ ಬದಿ) ಕಡೆ ತಗುಲಿದರೆ ಚೆಂಡು ಬಲಕ್ಕೆ ತಿರುಗುತ್ತದೆ, ಟೋ (ಆಚೆ ತುದಿ) ಕಡೆ ತಗುಲಿದರೆ ಎಡಕ್ಕೆ. ಫೇಸಿನ ಕೆಳಭಾಗಕ್ಕೆ ತಗುಲಿದರೆ ಸ್ಪಿನ್ ಜಾಸ್ತಿಯಾಗಿ ದೂರ ಕಡಿಮೆಯಾಗುತ್ತದೆ. "ನನ್ನ ಶಾಫ್ಟ್ ಸ್ಪಿನ್ ಜಾಸ್ತಿ ಕೊಡುತ್ತೆ" ಅನ್ನುವವರಲ್ಲಿ ಅನೇಕರಿಗೆ ಬೇಕಾಗಿರುವುದು ಅರ್ಧ ಇಂಚು ಎತ್ತರದ ಟೀ.

ಮೂರನೆಯದು ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನ. ಹೊಡೆತ ಸದಾ ತಗ್ಗಾಗಿ ಹೋಗುತ್ತಿದ್ದರೆ ಮೊದಲು 9 ಡಿಗ್ರಿ ಬಿಟ್ಟು 10.5 ಪ್ರಯತ್ನಿಸಿ. ಶಾಫ್ಟ್ ಮಾಡುವುದಕ್ಕಿಂತ ದೊಡ್ಡ ವ್ಯತ್ಯಾಸ ಇದರಿಂದಲೇ ಬರುತ್ತದೆ. ಸ್ಲೀವ್ (ಶಾಫ್ಟನ್ನು ಹೆಡ್ಡಿಗೆ ಜೋಡಿಸುವ ಕೊಳವೆ) ತಿರುಗಿಸಿ ಲಾಫ್ಟ್ ಏರಿಸಿದಾಗ ಫೇಸ್ ಸ್ವಲ್ಪ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ನೆನಪಿರಲಿ.

ಎಚ್ಚರಿಕೆ: ಚುಕ್ಕೆಗಳು ಫೇಸಿನ ತುಂಬಾ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಕೋಚ್ ಹತ್ತಿರ ಹೋಗಿ. ಶಾಫ್ಟ್ ಖರ್ಚು ಅಲ್ಲಿಗೆ ಉಳಿಯಿತು.

2. ಈಗ ಕೈಯಲ್ಲಿರುವ ಡ್ರೈವರನ್ನು ಅಳೆದು ಬರೆದಿಡಿ

ಹೋಲಿಸಲು ಒಂದು ಆಧಾರ ಬೇಕಲ್ವಾ? ಇಡೀ ಡ್ರೈವರನ್ನು ತಕ್ಕಡಿ ಮೇಲಿಟ್ಟು ತೂಕ ನೋಡಿ. ಗ್ರಾಫೈಟ್ ಶಾಫ್ಟ್ ಇರುವ ಡ್ರೈವರ್ ಸಾಮಾನ್ಯವಾಗಿ 290ರಿಂದ 320 ಗ್ರಾಂ ಒಳಗೆ ಬರುತ್ತದೆ. ಇದರಲ್ಲಿ ಹೆಡ್ ಸುಮಾರು 200, ಗ್ರಿಪ್ ಸುಮಾರು 50, ಉಳಿದದ್ದು ಶಾಫ್ಟ್ ಮತ್ತು ಸ್ಲೀವ್. ಶಾಫ್ಟ್ ಮೇಲೆ 5 ಅಥವಾ 50 ಅಂತ ಇದ್ದರೆ ಅದು 50ರಿಂದ 59 ಗ್ರಾಂ ವರ್ಗದ್ದು ಅಂತ ತಿಳಿಯಿರಿ. ಒಂದೇ ವರ್ಗದಲ್ಲೂ ಗಟ್ಟಿ ಫ್ಲೆಕ್ಸ್‌ನದ್ದು ಕೆಲವು ಗ್ರಾಂ ಜಾಸ್ತಿ ತೂಗುತ್ತದೆ.

ಉದ್ದ ಅಳೆಯಲು ಡ್ರೈವರನ್ನು ಆಡುವ ಭಂಗಿಯಲ್ಲಿ ನೆಲದ ಮೇಲೆ ಕೂರಿಸಿ. ಹೀಲ್ ಹಿಂದೆ ನೆಲ ಮುಟ್ಟುವ ಜಾಗದಿಂದ ಶಾಫ್ಟ್ ಉದ್ದಕ್ಕೂ ಗ್ರಿಪ್ ತುದಿಯವರೆಗೆ ಟೇಪ್ ಹಿಡಿಯಿರಿ. ಅಂಗಡಿಯಿಂದ ಬಂದ ಹೊಸ ಡ್ರೈವರ್ 45.5 ಇಂಚಿನ ಆಸುಪಾಸು ಇರುತ್ತದೆ. ನಿಯಮದ ಮಿತಿ 48 ಇಂಚು. ನಮಗ್ಯಾರಿಗೂ ಅಷ್ಟು ಬೇಡ.

3. ವೇಗ ಅಳೆಯಿರಿ, ಊಹಿಸಬೇಡಿ

ರೇಡಾರ್ ಸಾಧನ ಇದ್ದರೆ ಹತ್ತು ಹೊಡೆತ ಹೊಡೆದು ಸರಾಸರಿ ತೆಗೆಯಿರಿ. ಎಲ್ಲಕ್ಕಿಂತ ಜಾಸ್ತಿ ಬಂದ ಸಂಖ್ಯೆಯನ್ನು ಬರೆದುಕೊಳ್ಳಬೇಡಿ. ಅದು ನಿಮ್ಮ ವೇಗವಲ್ಲ, ಆ ಒಂದು ಹೊಡೆತದ್ದು. ಪುರುಷ ವೃತ್ತಿಪರರು ಗಂಟೆಗೆ ಸರಾಸರಿ 115 ಮೈಲಿ ವೇಗದಲ್ಲಿ ಬೀಸುತ್ತಾರೆ. ವಾರಕ್ಕೊಮ್ಮೆ ಆಡುವ ನಮ್ಮಂಥವರಲ್ಲಿ ಬಹುಪಾಲು ಜನ 80ರಿಂದ 95ರ ಒಳಗೆ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ.

ಸಾಧನ ಇಲ್ಲದಿದ್ದರೆ ಕ್ಯಾರಿಯಿಂದ ಅಂದಾಜು ಮಾಡಬಹುದು. ಕ್ಯಾರಿ ಅಂದರೆ ಚೆಂಡು ಗಾಳಿಯಲ್ಲಿ ಸಾಗಿ ನೆಲ ಮುಟ್ಟುವವರೆಗಿನ ದೂರ. ಫೇಸಿನ ನಡುವೆ ತಗುಲಿದ ಹೊಡೆತದ ಕ್ಯಾರಿಯನ್ನು ಯಾರ್ಡ್‌ನಲ್ಲಿ ಅಳೆದು 2.3ರಿಂದ ಭಾಗಿಸಿ. 200 ಯಾರ್ಡ್ ಕ್ಯಾರಿ ಇದ್ದರೆ ವೇಗ 87 ಮೈಲಿ ಹತ್ತಿರ.

ಇಲ್ಲಿ ನಮ್ಮ ಊರಿಗೆ ಮಾತ್ರ ಸಂಬಂಧಪಟ್ಟ ಎರಡು ತೊಡಕಿವೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಹಾಸನವೂ ಹೆಚ್ಚುಕಡಿಮೆ ಸಾವಿರ ಮೀಟರ್. ಇಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಅದೇ ಹೊಡೆತ ಮಂಗಳೂರಿಗಿಂತ ಶೇಕಡಾ 4ರ ಆಸುಪಾಸು ಜಾಸ್ತಿ ಸಾಗುತ್ತದೆ. ಕಂಪನಿಗಳ ಫ್ಲೆಕ್ಸ್ ಪಟ್ಟಿಗಳು ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕದವು. ಇಲ್ಲಿ 208 ಯಾರ್ಡ್ ಕ್ಯಾರಿ ಮಾಡುವವರು ಆ ಪಟ್ಟಿಯಲ್ಲಿ 200ರ ಸಾಲು ನೋಡಬೇಕು. ಅದನ್ನು ಬಿಟ್ಟು ನೋಡಿದರೆ ಗಡಿಯಲ್ಲಿರುವವರು ಸುಮ್ನೆ ಒಂದು ಫ್ಲೆಕ್ಸ್ ಮೇಲೆ ಹೋಗಿಬಿಡುತ್ತಾರೆ.

ಇನ್ನೊಂದು ತೊಡಕು ರೋಲ್. ಮಾರ್ಚ್‌ನಲ್ಲಿ ಹೂಮಳೆಗೆ ಮುಂಚೆ ನೆಲ ಒಣಗಿ ಗಟ್ಟಿಯಾಗಿರುತ್ತದೆ. ಇಳಿಜಾರಿನ ಫೇರ್‌ವೇಯಲ್ಲಿ ಚೆಂಡು ನಲವತ್ತು ಯಾರ್ಡ್ ಉರುಳಿದರೂ ಆಶ್ಚರ್ಯವಿಲ್ಲ. "ನಂದು 260 ಹೋಗುತ್ತೆ" ಅನ್ನುವ ಮಾತಿನಲ್ಲಿ ಎಷ್ಟು ಕೈಯದ್ದು, ಎಷ್ಟು ಇಳಿಜಾರಿನದ್ದು ಅಂತ ಬಿಡಿಸಿ ನೋಡಬೇಕು. ಸ್ನೇಹಿತನನ್ನು ಪಕ್ಕಕ್ಕೆ, ಸುರಕ್ಷಿತ ದೂರದಲ್ಲಿ ನಿಲ್ಲಿಸಿ ಚೆಂಡು ಮೊದಲು ಬಿದ್ದ ಜಾಗ ಗುರುತಿಸಲು ಹೇಳಿ. ಅಳತೆಗೆ ಸಮತಟ್ಟಾದ ಹೋಲ್ ಇರಲಿ.

4. ಸ್ವಿಂಗಿನ ಲಯ ನೋಡಿ

ಇಬ್ಬರ ವೇಗವೂ 92 ಮೈಲಿ. ಒಬ್ಬರು ಮೇಲೆ ಹೋದ ಕ್ಲಬ್ಬನ್ನು ನಿಧಾನಕ್ಕೆ ತಿರುಗಿಸಿ ಕೆಳಗೆ ತರುತ್ತಾರೆ. ಇನ್ನೊಬ್ಬರು ಮೇಲಿಂದ ರಪ್ಪಂತ ಎಳೆಯುತ್ತಾರೆ. ಇಬ್ಬರಿಗೂ ಒಂದೇ ಶಾಫ್ಟ್ ಹೊಂದುವುದಿಲ್ಲ. ಮೇಲಿಂದ ಕೆಳಕ್ಕೆ ತಿರುಗುವ ಆ ಗಳಿಗೆಯಲ್ಲಿ ಬೀಳುವ ಬಲವೇ ಶಾಫ್ಟನ್ನು ಜೋರಾಗಿ ಬಗ್ಗಿಸುವುದು. ಎಳೆಯುವವರಿಗೆ ತೂಕವೂ ಗಡಸುತನವೂ ಸ್ವಲ್ಪ ಜಾಸ್ತಿ ಬೇಕು. ನಿಧಾನದವರು ಅದೇ ವೇಗಕ್ಕೆ ಒಂದು ಮೆಟ್ಟಿಲು ಮೃದುವಾದದ್ದನ್ನು ಆರಾಮಾಗಿ ಆಡಬಹುದು.

ಎದುರಿನಿಂದ ಸ್ಲೋ ಮೋಷನ್ ವಿಡಿಯೊ ತೆಗೆಸಿ. ಇನ್ನೊಂದು ಅಂಶವನ್ನೂ ನೋಡಿ. ಕೆಳಗೆ ಬರುವಾಗ ಎಡಗೈ ನೆಲಕ್ಕೆ ಸಮಾನಾಂತರವಾದ ಕ್ಷಣದಲ್ಲಿ ಕೈಗೂ ಶಾಫ್ಟಿಗೂ ನಡುವಿನ ಕೋನ ಇನ್ನೂ ಉಳಿದಿದೆಯೇ, ಆಗಲೇ ಬಿಚ್ಚಿಹೋಗಿದೆಯೇ? ಬೇಗ ಬಿಚ್ಚುವವರಿಗೆ ಶಾಫ್ಟ್ ಬಾಗುವ ಬಗೆಯಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಅವರು ತೂಕ ಮತ್ತು ಉದ್ದದ ಮೇಲೆ ಗಮನ ಕೊಟ್ಟರೆ ಸಾಕು.

ಒಂದು ಮೋಸದ ಬಗ್ಗೆ ಹೇಳಲೇಬೇಕು. ಫೋನ್ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಸೆರೆಹಿಡಿಯುವುದರಿಂದ ವೇಗವಾಗಿ ಚಲಿಸುವ ಶಾಫ್ಟ್ ಬಿಲ್ಲಿನಂತೆ ಬಾಗಿದ ಹಾಗೆ ಕಾಣುತ್ತದೆ. ಅದನ್ನು ನೋಡಿ "ಅಯ್ಯೋ, ನಂದು ತೀರಾ ಮೆತ್ತಗಿದೆ" ಅಂತ ಗಾಬರಿಯಾಗಿ ಗಟ್ಟಿ ಶಾಫ್ಟ್ ತರಿಸುವವರಿದ್ದಾರೆ. ವಿಡಿಯೊದಲ್ಲಿ ಕೈ ನೋಡಿ, ಶಾಫ್ಟಿನ ಬಾಗು ನೋಡಬೇಡಿ.

5. ತೂಕ ನಿರ್ಧರಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಶಾಫ್ಟಿನ ಗುಣಗಳಲ್ಲಿ ಕೈಗೆ ಮೊದಲು ಗೊತ್ತಾಗುವುದು ತೂಕ. ತೋಟಕ್ಕೆ ಕತ್ತಿ ಕೊಳ್ಳುವಾಗ ಯಾರೂ ಅದರ ಮೇಲಿನ ಮುದ್ರೆ ಓದಿ ತರುವುದಿಲ್ಲ, ಬೀಸಿ ನೋಡಿ ತರುತ್ತಾರೆ. ಇಲ್ಲೂ ಅಷ್ಟೇ.

ಶುರು ಮಾಡಲು ಈ ಅಂದಾಜು ಇಟ್ಟುಕೊಳ್ಳಿ. ವೇಗ 85 ಮೈಲಿಗಿಂತ ಕಡಿಮೆ ಇದ್ದರೆ 40ರಿಂದ 50 ಗ್ರಾಂ. 85ರಿಂದ 95ರವರಿಗೆ 50ರಿಂದ 60. 95ರಿಂದ 105ರವರಿಗೆ 55ರಿಂದ 65. ಅದಕ್ಕೂ ಮೇಲಿನವರು 60ರಿಂದ 75. ಲಯ ಗಡುಸಾಗಿದ್ದರೆ ವ್ಯಾಪ್ತಿಯ ಮೇಲಿನ ತುದಿ, ನಿಧಾನವಾಗಿದ್ದರೆ ಕೆಳಗಿನ ತುದಿ ಹಿಡಿಯಿರಿ. ನಿಮ್ಮ ಐರನ್‌ಗಳಲ್ಲಿ (ಕಡಿಮೆ ದೂರಕ್ಕೆ ಬಳಸುವ ಕ್ಲಬ್‌ಗಳಲ್ಲಿ) 120 ಗ್ರಾಂ ತೂಕದ ಸ್ಟೀಲ್ ಶಾಫ್ಟ್ ಇದ್ದು ಡ್ರೈವರಿನಲ್ಲಿ 40 ಗ್ರಾಂ ಇದ್ದರೆ, ಬ್ಯಾಗಿನಿಂದ ಡ್ರೈವರ್ ತೆಗೆದಾಗಲೆಲ್ಲ ಕೈ ತಬ್ಬಿಬ್ಬಾಗುತ್ತದೆ. ಅಂಥವರು ಹತ್ತು ಗ್ರಾಂ ಏರಿಸಿ ನೋಡಲೇಬೇಕು.

ಭಾರದ ಶಾಫ್ಟ್ ಕೊಳ್ಳದೆಯೇ ಅದರ ಅನುಭವ ಪಡೆಯಲು ಒಂದು ಉಪಾಯವಿದೆ. ಗ್ರಿಪ್ ಮುಗಿಯುವ ಜಾಗದ ಕೆಳಗೆ ಶಾಫ್ಟ್ ಸುತ್ತ 8–10 ಗ್ರಾಂ ಲೆಡ್ ಟೇಪ್ ಸುತ್ತಿ. ಹೆಡ್ ಭಾರ ಅಷ್ಟಾಗಿ ಬದಲಾಗದೆ ಒಟ್ಟು ತೂಕ ಏರುತ್ತದೆ. ಒಂದು ಸುತ್ತು ಆಡಿ. ಚುಕ್ಕೆಗಳು ನಡುವಿಗೆ ಹತ್ತಿರ ಬಂದರೆ ಉತ್ತರ ಸಿಕ್ಕಿತು.

ತೀರಾ ಹಗುರ ಆಗಿರುವುದರ ಲಕ್ಷಣ: ಹೆಡ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಕೈ ಅವಸರ ಮಾಡುತ್ತದೆ, ಒಂದು ಎಡಕ್ಕೆ ಒಂದು ಬಲಕ್ಕೆ. ತೀರಾ ಭಾರ ಆಗಿರುವುದರ ಲಕ್ಷಣ ಶುರುವಿನಲ್ಲಿ ಕಾಣುವುದಿಲ್ಲ. ಹನ್ನೆರಡನೆಯ ಹೋಲ್ ದಾಟಿದ ಮೇಲೆ ಚೆಂಡು ಬಲಕ್ಕೆ ಜಾರಲು ಶುರುವಾದರೆ ಅನುಮಾನಪಡಿ. ಏರು ತಗ್ಗಿನ ನಮ್ಮ ನೆಲದಲ್ಲಿ ನಡೆದೇ ಆಡುವವರಿಗೆ ಇದು ಇನ್ನೂ ಬೇಗ ಕಾಣಿಸುತ್ತದೆ.

ಮನೆಯ ಹೆಂಗಸರಿಗೆ ಗಂಡನ ಹಳೆ ಡ್ರೈವರ್ ದಾಟಿಸುವ ರೂಢಿ ಎಸ್ಟೇಟ್ ಕಡೆ ಇನ್ನೂ ಇದೆ. 65 ಗ್ರಾಂನ ಸ್ಟಿಫ್ ಶಾಫ್ಟ್ ಕೊಟ್ಟು "ನಿಂಗೆ ಡ್ರೈವರ್ ಬರಲ್ಲ ಬಿಡು" ಅನ್ನುವುದು ಅನ್ಯಾಯ. ಅವರ ವೇಗವನ್ನೂ ಇದೇ ರೀತಿ ಅಳೆಯಿರಿ.

6. ಉದ್ದ ನಿರ್ಧರಿಸಿ

ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ಹತ್ತು ಚೆಂಡು ಹೊಡೆಯಿರಿ, ಮಾರ್ಕರ್ ಚುಕ್ಕೆ ಸಮೇತ. ಚುಕ್ಕೆಗಳು ಗುಂಪುಗೂಡಿದರೆ, ದೂರವೂ ಅಷ್ಟೇನೂ ಕಡಿಮೆಯಾಗದಿದ್ದರೆ ನಿಮಗೆ 45 ಅಥವಾ 44.5 ಇಂಚು ಸರಿ. ಉದ್ದ ಜಾಸ್ತಿಯಾದಷ್ಟೂ ವೇಗ ಸ್ವಲ್ಪ ಏರುತ್ತದೆ ನಿಜ. ಆದರೆ ಅಂಚಿಗೆ ತಗುಲಿದ ಒಂದೇ ಹೊಡೆತ ಆ ಲಾಭವನ್ನು ನುಂಗಿಬಿಡುತ್ತದೆ.

ಕತ್ತರಿಸುವುದಾದರೆ ಗ್ರಿಪ್ ಕಡೆಯಿಂದಲೇ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನಿಸುತ್ತದೆ ಅನ್ನುವ ಅಳತೆ) ಸುಮಾರು ಮೂರು ಅಂಕ ಇಳಿಯುತ್ತದೆ, ಹೆಡ್ ಕೈಗೆ ಹಗುರ ಅನಿಸುತ್ತದೆ. ಹೆಡ್‌ಗೆ 2 ಗ್ರಾಂ ಸೇರಿಸಿದರೆ ಒಂದು ಅಂಕ ವಾಪಸ್ ಬರುತ್ತದೆ. ಅಂದರೆ ಅರ್ಧ ಇಂಚಿಗೆ ಸುಮಾರು 6 ಗ್ರಾಂ ಲೆಡ್ ಟೇಪ್ ಅಥವಾ ಭಾರದ ಸ್ಕ್ರೂ. ಇದನ್ನು ಮರೆತು ಬರೀ ಕತ್ತರಿಸಿ "ಶಾರ್ಟ್ ಮಾಡಿದ ಮೇಲೆ ಫೀಲೇ ಹೋಯ್ತು" ಅಂತ ಗೊಣಗುವವರು ಬೇಕಾದಷ್ಟಿದ್ದಾರೆ.

7. ಈಗ ಫ್ಲೆಕ್ಸ್

ಎಲ್, ಎ, ಆರ್, ಎಸ್, ಎಕ್ಸ್. ಮೃದುವಿನಿಂದ ಗಟ್ಟಿಗೆ ಈ ಸಾಲು. ಇಷ್ಟಕ್ಕೂ ಈ ಅಕ್ಷರಗಳಿಗೆ ಉದ್ಯಮದಲ್ಲಿ ಒಂದೇ ಅಳತೆ ಅಂತ ಇಲ್ಲ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ಗಿಂತ ಗಟ್ಟಿಯಾಗಿರಬಹುದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ವ್ಯತ್ಯಾಸ ಇರುತ್ತದೆ. ಅದಕ್ಕೇ ಅಕ್ಷರವನ್ನು ಇಷ್ಟು ಹೊತ್ತು ಕಾಯಿಸಿದ್ದು.

ಒಂದು ಅಂದಾಜಿಗೆ: 75 ಮೈಲಿಗಿಂತ ಕಡಿಮೆ ಎಲ್, 75–85 ಎ, 85–95 ಆರ್, 95–105 ಎಸ್, ಅದರ ಮೇಲೆ ಎಕ್ಸ್. ಗಡಿಯಲ್ಲಿದ್ದರೆ ನಾಲ್ಕನೆಯ ಹಂತದಲ್ಲಿ ನೋಡಿದ ಲಯದ ಪ್ರಕಾರ ಆರಿಸಿ. ಲಯ ನಡುವಿನದಾಗಿದ್ದರೆ ಮೃದುವಾದದ್ದನ್ನು ಮೊದಲು ಪ್ರಯತ್ನಿಸಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆ ತಪ್ಪು ಆಗುವುದೆಲ್ಲ ಗಟ್ಟಿ ಕಡೆಗೇ. ಎಕ್ಸ್ ಹಾಕಿಸಿ ಒದ್ದಾಡುವವರನ್ನು ಪ್ರತಿ ಕ್ಲಬ್ಬಿನಲ್ಲೂ ನೋಡಬಹುದು.

ಫೇಸ್ ಚೆಂಡಿಗೆ ತಗುಲುವ ಹೊತ್ತಿಗೆ ಶಾಫ್ಟ್ ಮುಂದಕ್ಕೆ ಬಾಗಿರುತ್ತದೆ. ಆ ಬಾಗು ಲಾಫ್ಟನ್ನು ಸ್ವಲ್ಪ ಏರಿಸುತ್ತದೆ, ಫೇಸನ್ನು ಸ್ವಲ್ಪ ಮುಚ್ಚುತ್ತದೆ. ಆದ್ದರಿಂದ ತೀರಾ ಗಟ್ಟಿಯಾದರೆ ಚೆಂಡು ತಗ್ಗಾಗಿ ಬಲಕ್ಕೆ ಹೋಗುವ ಸಂಭವ ಜಾಸ್ತಿ, ಕೈಗೆ ಮರದ ತುಂಡು ಬೀಸಿದ ಹಾಗೆ ಅನಿಸುತ್ತದೆ. ತೀರಾ ಮೃದುವಾದರೆ ಚೆಂಡು ಮೇಲೆದ್ದು ಎಡಕ್ಕೆ. ಇದು ಒಲವು ಮಾತ್ರ, ಕಾನೂನಲ್ಲ. ಗಟ್ಟಿ ಶಾಫ್ಟನ್ನು ಬಗ್ಗಿಸಲು ಹೋಗಿ ಜೋರಾಗಿ ಕೈ ತಿರುಗಿಸಿ ಎಡಕ್ಕೆ ಹೊಡೆಯುವವರೂ ಇದ್ದಾರೆ.

8. ಟಾರ್ಕ್ ಮತ್ತು ಕಿಕ್ ಪಾಯಿಂಟ್

ಇವುಗಳ ಮೇಲೆ ನಿದ್ದೆ ಕೆಡಿಸಿಕೊಳ್ಳಬೇಡಿ. ಟಾರ್ಕ್ ಅಂದರೆ ಶಾಫ್ಟ್ ತಿರುಚಿಕೊಳ್ಳುವ ಪ್ರಮಾಣ, ಡಿಗ್ರಿಯಲ್ಲಿ. ಹಗುರ ಶಾಫ್ಟ್‌ಗಳಲ್ಲಿ 5–6, ಭಾರದವುಗಳಲ್ಲಿ 3ರ ಹತ್ತಿರ. ತೂಕ ಮತ್ತು ಫ್ಲೆಕ್ಸ್ ಸರಿ ಆರಿಸಿದರೆ ಇದು ತಾನಾಗಿ ಸರಿಹೋಗುತ್ತದೆ. ಕಿಕ್ ಪಾಯಿಂಟ್ (ಶಾಫ್ಟ್ ಹೆಚ್ಚು ಬಾಗುವ ಜಾಗ) ಕೆಳಗಿದ್ದರೆ ಚೆಂಡು ಸ್ವಲ್ಪ ಎತ್ತರ ಹೋಗುತ್ತದೆ, ಮೇಲಿದ್ದರೆ ಸ್ವಲ್ಪ ತಗ್ಗು. ಲಾಫ್ಟ್ ಒಂದು ಡಿಗ್ರಿ ಬದಲಾಯಿಸಿದರೆ ಇದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

9. ಹೊಡೆದು ಹೋಲಿಸಿ

ಕಾಗದದ ಲೆಕ್ಕ ಇಲ್ಲಿಗೆ ಮುಗಿಯಿತು. ಎರಡು, ಹೆಚ್ಚೆಂದರೆ ಮೂರು ಶಾಫ್ಟ್ ಆರಿಸಿಕೊಂಡು ಹೊಡೆದು ನೋಡಬೇಕು. ಬೆಂಗಳೂರಿನಲ್ಲಿ ಲಾಂಚ್ ಮಾನಿಟರ್ (ಹೊಡೆದ ಚೆಂಡಿನ ವೇಗ, ಸ್ಪಿನ್ ತೋರಿಸುವ ಯಂತ್ರ) ಇಟ್ಟು ಫಿಟ್ಟಿಂಗ್ ಮಾಡುವ ಕಡೆ ಹೋದರೆ ಒಳ್ಳೆಯದು. ಆದರೆ ಸುಮಾರು 250 ಕಿಲೋಮೀಟರ್ ಕಾರಿನಲ್ಲಿ ಕೂತು ಇಳಿದ ಕೂಡಲೇ ಹೊಡೆಯಲು ನಿಲ್ಲಬೇಡಿ. ಬೆನ್ನು ಹಿಡಿದುಕೊಂಡಿರುತ್ತದೆ, ವೇಗ ಸುಳ್ಳು ಹೇಳುತ್ತದೆ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಮಾನಿಟರ್‌ನಲ್ಲಿ ಎತ್ತರ ಎಷ್ಟಕ್ಕೆ ಇಟ್ಟಿದ್ದೀರಿ, ಚೆಂಡು ಯಾವುದು? ರೇಂಜ್ ಚೆಂಡುಗಳು ಸವೆದಿರುತ್ತವೆ, ಕೆಲವನ್ನು ಬೇಕಂತಲೇ ಕಡಿಮೆ ಹಾರುವ ಹಾಗೆ ಮಾಡಿರುತ್ತಾರೆ. ನಿಮ್ಮ ಚೆಂಡನ್ನೇ ಬಳಸಲು ಬಿಡಿ ಅಂತ ಕೇಳಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಹೆಡ್ ಅದೇ, ಲಾಫ್ಟ್ ಅದೇ, ಉದ್ದ ಅದೇ. ಹೊಸ ಹೆಡ್ಡಿಗೆ ಹೊಸ ಶಾಫ್ಟ್ ಹಾಕಿ ಹಳೆಯ ಡ್ರೈವರಿಗೆ ಹೋಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಶಾಫ್ಟ್ ಹೆಸರಿನ ಮೇಲೆ ಪೇಪರ್ ಟೇಪ್ ಅಂಟಿಸಿಬಿಡಿ. ಮೈ ಬಿಸಿಯಾಗುವವರೆಗಿನ ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಐದು ಚೆಂಡು ಒಂದರಲ್ಲಿ, ಐದು ಇನ್ನೊಂದರಲ್ಲಿ, ಮತ್ತೆ ಮೊದಲನೆಯದು. ಒಂದನ್ನೇ ಇಪ್ಪತ್ತು ಹೊಡೆದು ಆಮೇಲೆ ಇನ್ನೊಂದು ಹಿಡಿದರೆ ಎರಡನೆಯದಕ್ಕೆ ದಣಿದ ಕೈ ಸಿಗುತ್ತದೆ.

ಸಂಖ್ಯೆಗಳಲ್ಲಿ ಮೂರನ್ನು ನೋಡಿ. ಒಂದು, ಕ್ಯಾರಿಯ ಸರಾಸರಿ. ಎರಡು, ಎಡ–ಬಲ ಎಷ್ಟು ಅಗಲಕ್ಕೆ ಹರಡಿದೆ. ಮೂರು, ಸ್ಮ್ಯಾಶ್ ಫ್ಯಾಕ್ಟರ್, ಅಂದರೆ ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದ್ದು. ಡ್ರೈವರಿಗೆ ಇದರ ಮೇಲ್ಮಿತಿ 1.5ರ ಹತ್ತಿರ. 1.4ಕ್ಕಿಂತ ಕೆಳಗೆ ಇದ್ದರೆ ಫೇಸಿನ ನಡುವೆ ತಗುಲುತ್ತಿಲ್ಲ. 90 ಮೈಲಿ ವೇಗದವರಿಗೆ ಚೆಂಡು 12–15 ಡಿಗ್ರಿಯಲ್ಲಿ ಮೇಲೆದ್ದು, ಸ್ಪಿನ್ ನಿಮಿಷಕ್ಕೆ 2,500ರಿಂದ 3,000 ಸುತ್ತಿನ ಒಳಗಿದ್ದರೆ ಚೆನ್ನಾಗಿದೆ. ಚಿಕ್ಕ ರೇಡಾರ್ ಸಾಧನಗಳು ತೋರಿಸುವ ಸ್ಪಿನ್ ಎಷ್ಟೋ ಸಲ ಲೆಕ್ಕಹಾಕಿದ್ದು, ನೇರವಾಗಿ ಅಳೆದದ್ದಲ್ಲ. ಅದನ್ನು ನಂಬಿ ದುಡ್ಡು ಸುರಿಯಬೇಡಿ.

ದೊಡ್ಡ ಬಲೆ ಯಾವುದು ಗೊತ್ತಾ? ಆ ದಿನದ ಅತಿ ದೂರದ ಒಂದು ಹೊಡೆತ. ಅದು ಯಾವ ಶಾಫ್ಟಿನಲ್ಲಿ ಬಂತೋ ಮನಸ್ಸು ಅದನ್ನೇ ಕೊಳ್ಳಲು ಹೇಳುತ್ತದೆ. ಐದು ಯಾರ್ಡ್ ಕಡಿಮೆ ಹೋದರೂ ಹದಿನೈದು ಯಾರ್ಡ್ ಕಿರಿದಾಗಿ ಹರಡುವುದನ್ನು ಆರಿಸಿ. ಫೇರ್‌ವೇ ಪಕ್ಕ ಸಿಲ್ವರ್ ಓಕ್ ಸಾಲು ಇದ್ದರಂತೂ ಎರಡು ಮಾತಿಲ್ಲ.

10. ಕೊಳ್ಳುವುದು, ಹಾಕಿಸುವುದು

ಹೊಸ ಡ್ರೈವರ್ ಆರ್ಡರ್ ಮಾಡುವವರು ಕಂಪನಿ ಹೆಚ್ಚಿನ ಹಣ ಕೇಳದೆ ಕೊಡುವ ಶಾಫ್ಟ್‌ಗಳ ಪಟ್ಟಿ ಮೊದಲು ನೋಡಿ. ನಿಮ್ಮ ತೂಕ ಮತ್ತು ಫ್ಲೆಕ್ಸ್ ಅದರಲ್ಲೇ ಇದ್ದರೆ ಬೇರೆ ಕಡೆ ಹೋಗುವ ಅಗತ್ಯವಿಲ್ಲ. ಬಿಡಿಯಾಗಿ ತರಿಸುವುದಾದರೆ ಬೆಲೆ ನಂಬಲಾರದಷ್ಟು ಕಡಿಮೆ ಇರುವಲ್ಲಿ ಕೈ ಹಾಕಬೇಡಿ. ಹೆಸರಾಂತ ಶಾಫ್ಟ್‌ಗಳ ನಕಲಿ ಮಾಲು ಧಾರಾಳವಾಗಿ ಸಿಗುತ್ತದೆ.

ಸ್ಲೀವ್ ಬಗ್ಗೆ ಎಚ್ಚರ. ಟೈಟಲಿಸ್ಟ್‌ನದ್ದು ಕ್ಯಾಲವೇಗೆ ಕೂರುವುದಿಲ್ಲ, ಟೇಲರ್‌ಮೇಡ್‌ನದ್ದು ಪಿಂಗ್‌ಗೆ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ಹಳೆ ಮಾಡೆಲ್, ಹೊಸ ಮಾಡೆಲ್ ಬೇರೆ ಇರಬಹುದು. ಸೆಕೆಂಡ್ ಹ್ಯಾಂಡ್ ಶಾಫ್ಟ್ ಆದರೆ ಮೂರು ಕೇಳಿ: ಸ್ಲೀವ್ ಯಾವುದು, ಹೆಡ್ ಹಾಕಿದಾಗ ಒಟ್ಟು ಉದ್ದ ಎಷ್ಟು, ತುದಿ ಕಡೆ ಕತ್ತರಿಸಿದ್ದಾರಾ? ತುದಿ ಕತ್ತರಿಸಿದ್ದರೆ ಅದು ಬರೆದ ಅಕ್ಷರಕ್ಕಿಂತ ಗಟ್ಟಿಯಾಗಿರುತ್ತದೆ.

ಹಾಕುವ ಕೆಲಸ ಅನುಭವ ಇರುವವರಿಂದಲೇ ಮಾಡಿಸಿ. ಗ್ರಾಫೈಟ್ ಶಾಫ್ಟನ್ನು ಸ್ಲೀವ್‌ನಿಂದ ಬಿಡಿಸುವಾಗ ಶಾಖ ಜಾಸ್ತಿಯಾದರೆ ಅಥವಾ ತಿರುಚಿ ಎಳೆದರೆ ಒಳಗಿನ ಎಳೆಗಳು ಹಾಳಾಗುತ್ತವೆ, ಹೊರಗೆ ಕಾಣುವುದಿಲ್ಲ. ನೇರ ಎಳೆಯುವ ಪುಲ್ಲರ್ ಇದೆಯಾ ಅಂತ ಕೇಳಿ. ಎಪಾಕ್ಸಿ ಅಂಟು ಗಟ್ಟಿಯಾಗಲು ಸಾಮಾನ್ಯವಾಗಿ ಒಂದು ದಿನ ಬೇಕು. ಚಳಿಯಲ್ಲಿ ಅದು ನಿಧಾನ. ಡಿಸೆಂಬರ್ ರಾತ್ರಿಗಳಲ್ಲಿ ಹಾಕಿಸಿದರೆ ಎರಡು ದಿನ ಮುಟ್ಟಬೇಡಿ.

ಗ್ರಿಪ್ ಹಳೆಯ ತೂಕದ್ದೇ ಇರಲಿ. ಗ್ರಿಪ್ 5 ಗ್ರಾಂ ಭಾರವಾದರೆ ಹೆಡ್ ಒಂದು ಅಂಕ ಹಗುರ ಅನಿಸುತ್ತದೆ, ಇಷ್ಟು ಹೊತ್ತು ಮಾಡಿದ ಹೋಲಿಕೆ ಕೆಟ್ಟುಹೋಗುತ್ತದೆ.

ಮೊದಲ ವಾರ ಪ್ರತಿ ಸುತ್ತಿನ ನಂತರ ಸ್ಲೀವ್ ಹತ್ತಿರ ಕೈಯಾಡಿಸಿ ನೋಡಿ. ಕಿರ್ ಅನ್ನುವ ಸದ್ದು, ಬಣ್ಣದಲ್ಲಿ ಕೂದಲೆಳೆ ಬಿರುಕು, ಹೆಡ್ ಒಂಚೂರು ತಿರುಗಿದ ಹಾಗೆ ಕಂಡರೆ ಆಟ ನಿಲ್ಲಿಸಿ. ತೋಟದ ರಸ್ತೆಯಲ್ಲಿ ಜೀಪಿನ ಹಿಂದೆ ಬ್ಯಾಗ್ ಕುಣಿಯುವಾಗ ಶಾಫ್ಟ್‌ಗಳು ಒಂದಕ್ಕೊಂದು ಬಡಿದು ಗೀರಾಗುತ್ತವೆ, ಆಳವಾದ ಗೀರು ಬಿರುಕಿಗೆ ದಾರಿ. ಡ್ರೈವರಿಗೆ ಕವರ್ ಹಾಕಿ, ಬ್ಯಾಗನ್ನು ಕಟ್ಟಿ ಇಡಿ. ಹಳೆಯ ಶಾಫ್ಟನ್ನು ಸ್ಲೀವ್ ಸಮೇತ ಇಟ್ಟುಕೊಂಡಿರಿ, ಬೇಗ ಮಾರಬೇಡಿ. ಮುಂದಿನ ಕೊಯ್ಲು ಮುಗಿದು ಮೈ ಬಿಗಿದಿರುವಾಗ ಅದೇ ಬೇಕಾಗಬಹುದು.